ಗೆದ್ದರೆ ‘ನಾವು’, ಸೋತರೆ ‘ಅವರು’

ವ್ಯಾಕರಣದಲ್ಲಿ ಕ್ರಿಯಾಪದಕ್ಕೆ ಮೂರು ಪುರುಷಗಳುಂಟು. ‘ಅವರು ಗೆದ್ದರು’ ಎಂಬುದು ಪ್ರಥಮ ಪುರುಷ, ‘ನೀವು ಗೆದ್ದಿರಿ’ ಎಂಬುದು ಮಧ್ಯಮ ಪುರುಷ, ‘ನಾವು ಗೆದ್ದೆವು’ ಎಂಬುದು ಉತ್ತಮ ಪುರುಷ. ಮಠದ ಪಾಠಶಾಲೆಗಳಲ್ಲಿ ಎಳೆಯ ವಟುಗಳಿಗೆ ಇದನ್ನು ಬಾಯಿಪಾಠ ಮಾಡಿಸುವುದು ವಾಡಿಕೆ. ಆದರೆ ಈ ಪುರುಷಗಳು ಮನುಷ್ಯನ ಮನಸ್ಸಿನಲ್ಲಿ ಹೇಗೆ ಸ್ಥಾನ ಬದಲಿಸುತ್ತವೆ ಎಂಬುದನ್ನು ಅರಿಯಬೇಕಾದರೆ ಪಾಠಶಾಲೆ ಸಾಲದು, ಟಿ.ವಿ.ಯ ಮುಂದೆ ಕುಳಿತು ವಿಶ್ವಕಪ್ ಕ್ರಿಕೆಟ್ ನೋಡುವ ಜನರ ಮಾತಿಗೆ ಕಿವಿಗೊಡಬೇಕು. ಭಾರತ ಗೆದ್ದಿತೆನ್ನಿ, ಓಣಿಯ ತುಂಬ ‘ಗೆದ್ವಿ ನೋಡ್ರಿ!’ ಎಂಬ ಉದ್ಗಾರ. ಸೋತಿತೆನ್ನಿ, ‘ಸೋತ್ಬಿಟ್ರು’ ಎಂಬ ನಿಟ್ಟುಸಿರು. ಗೆಲುವಿಗೆ ಉತ್ತಮ ಪುರುಷ, ಸೋಲಿಗೆ ಪ್ರಥಮ ಪುರುಷ! ಯಾವ ವೈಯಾಕರಣನೂ ಬರೆಯದ ಈ ಸೂತ್ರವನ್ನು ನಾವೆಲ್ಲರೂ ತಪ್ಪದೆ ಪಾಲಿಸುತ್ತ ಬಂದಿದ್ದೇವೆ.

2023ರ ನವೆಂಬರ್ 19, ರವಿವಾರ. ದೀಪಾವಳಿ ಕಳೆದು ವಾರವೂ ತುಂಬಿರಲಿಲ್ಲ. ನಮ್ಮ ಭಾಗ್ಯನಗರದ ಮಕ್ಕಳು ಹಬ್ಬಕ್ಕೆ ತಂದ ಪಟಾಕಿಯಲ್ಲಿ ಒಂದಿಷ್ಟನ್ನು ರಾತ್ರಿಯ ವಿಜಯೋತ್ಸವಕ್ಕೆಂದು ಎತ್ತಿಟ್ಟುಕೊಂಡಿದ್ದರು. ಅದಕ್ಕೆ ಕಾರಣವೂ ಇತ್ತು; ಭಾರತ ಅದುವರೆಗೆ ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದು ಫೈನಲ್ ತಲುಪಿತ್ತು. ಮಧ್ಯಾಹ್ನದಿಂದಲೇ ಮನೆಮನೆಯಲ್ಲಿ ಟಿ.ವಿ.ಯ ಸದ್ದು. ಅಹಮದಾಬಾದಿನಲ್ಲಿ ಮೊದಲು ಆಡಿದ ನಮ್ಮ ತಂಡ 240 ರನ್ನುಗಳಿಗೆ ಮುಗಿಯಿತು. ಆಸ್ಟ್ರೇಲಿಯದ ಮೂರು ವಿಕೆಟ್ಟುಗಳು 47 ರನ್ನಿಗೇ ಬಿದ್ದಾಗ ಓಣಿಗೆ ಮತ್ತೆ ಜೀವ ಬಂದಿತು. ಆಮೇಲೆ ಟ್ರಾವಿಸ್ ಹೆಡ್ 137 ರನ್ ಹೊಡೆದರು. ಲಬುಶೇನ್ ಅವರೊಡನೆ ಸೇರಿ 192 ರನ್ನುಗಳ ಜೊತೆಯಾಟ ಕಟ್ಟಿದರು. 43 ಓವರುಗಳಲ್ಲಿ ಆಟ ಮುಗಿಯಿತು. ಕ್ರೀಡಾಂಗಣದಲ್ಲಿ ನೆರೆದಿದ್ದ ತೊಂಬತ್ತು ಸಾವಿರಕ್ಕೂ ಮಿಕ್ಕಿದ ಜನ ಮೌನವಾದರು. ಇಲ್ಲಿ ನಮ್ಮ ಓಣಿಯೂ ಮೌನವಾಯಿತು. ಪಟಾಕಿಗಳು ಮರಳಿ ಮಾಡವನ್ನು ಸೇರಿದವು.

ಮೌನ ಬಹಳ ಹೊತ್ತು ಉಳಿಯಲಿಲ್ಲ. ಆಪಾದನೆಗೆ ಒಬ್ಬ ಬೇಕಾಗಿದ್ದ, ಸಿಕ್ಕಿದ. 107 ಎಸೆತಗಳನ್ನು ಎದುರಿಸಿ 66 ರನ್ ಮಾತ್ರ ಮಾಡಿದ ಕೆ.ಎಲ್. ರಾಹುಲ್! ಅದೇ ವಿಶ್ವಕಪ್ಪಿನಲ್ಲಿ, ಅಕ್ಟೋಬರ್ 8ರಂದು ಚೆನ್ನೈಯಲ್ಲಿ, ಇದೇ ಆಸ್ಟ್ರೇಲಿಯದ ಎದುರು 2 ರನ್ನಿಗೆ 3 ವಿಕೆಟ್ ಕಳೆದುಕೊಂಡ ತಂಡವನ್ನು ಅಜೇಯ 97 ರನ್ನುಗಳಿಂದ ದಡ ಸೇರಿಸಿದವರೂ ಇದೇ ರಾಹುಲ್. ಅಂದು ಅವರು ‘ನಮ್ಮ ಕನ್ನಡದ ಹುಡುಗ’. ನವೆಂಬರ್ 19ರ ರಾತ್ರಿ ಕೇವಲ ‘ಆ ರಾಹುಲ’. ಆರು ವಾರಗಳಲ್ಲಿ ಮನುಷ್ಯ ಬದಲಾಗಿರಲಿಲ್ಲ. ಬದಲಾದುದು ಸರ್ವನಾಮ ಮಾತ್ರ.

ಟಿ.ವಿ. ನೋಡುವುದೇ ತಪ್ಪು, ಆಟದ ಹುಚ್ಚೇ ಅನರ್ಥ ಎಂದು ಇಲ್ಲಿ ಉಪದೇಶಿಸುವ ಉದ್ದೇಶವಿಲ್ಲ. ಟಿ.ವಿ. ನಮ್ಮ ಭಾಗಕ್ಕೆ ಮೊದಲು ಬಂದುದು ಗುರುವಿನ ರೂಪದಲ್ಲಿ ಎಂಬುದನ್ನು ಇಂದಿನ ತರುಣರು ಬಲ್ಲರೋ ಇಲ್ಲವೋ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ತಲುಪಿಸುವ ಪ್ರಯೋಗವೊಂದು ದೇಶದಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೊಪ್ಪಳ ಆಗ ಆ ಜಿಲ್ಲೆಯಲ್ಲೇ ಇತ್ತು. ಊರಿಗೊಂದೇ ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ ಕುಳಿತು ಬೇಸಾಯ, ಆರೋಗ್ಯಗಳ ಪಾಠ ಕೇಳುತ್ತಿತ್ತು. ಕೂಡಿ ಕುಳಿತು ನೋಡುವ ಆ ಸಂಸ್ಕಾರವನ್ನು ಇಂದು ಕ್ರಿಕೆಟ್ ಒಂದಿಷ್ಟು ಉಳಿಸಿದೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕುಳಿತುಕೊಳ್ಳುವ ಸಂದರ್ಭಗಳು ಈ ಕಾಲದಲ್ಲಿ ಎಷ್ಟಿವೆ? ಆ ‘ನಾವು’ ಎಂಬ ಭಾವ ಬೆಲೆಯುಳ್ಳದ್ದು. ಅದು ಸೋಲಿನ ಹೊಸ್ತಿಲಲ್ಲಿ ಏಕೆ ನಿಂತುಬಿಡಬೇಕು ಎಂಬುದಷ್ಟೇ ಪ್ರಶ್ನೆ.

ಭಾಗ್ಯನಗರ ನೇಕಾರರ ಊರು. ಶರಣ ಜೇಡರ ದಾಸಿಮಯ್ಯನವರ ಕಾಯಕದ ಬೆಲೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದಿಂದ ಒಂದು ಸೀರೆ ಇಳಿಯಬೇಕಾದರೆ ಮನೆಯವರೆಲ್ಲರ ಕೈ ಅದರಲ್ಲಿರುತ್ತದೆ. ಒಬ್ಬರು ಹಾಸು ಹೂಡುತ್ತಾರೆ, ಒಬ್ಬರು ಕಂಡಿಕೆ ಸುತ್ತುತ್ತಾರೆ, ಒಬ್ಬರು ಲಾಳಿ ಆಡಿಸುತ್ತಾರೆ. ಎಲ್ಲೋ ಎಳೆ ತಪ್ಪಿ ಬಟ್ಟೆಯಲ್ಲಿ ಕುಂದು ಬಂದರೆ ಬೆಲೆ ಇಳಿಯುತ್ತದೆ. ಆ ಇಳಿತ ಮನೆಯವರೆಲ್ಲರ ಗಂಗಾಳಕ್ಕೂ ತಟ್ಟುತ್ತದೆ. ‘ಚಂದದ ಸೀರೆ ನಾವು ನೇಯ್ದೆವು, ಕುಂದಿನ ಸೀರೆ ಅವನು ನೇಯ್ದ’ ಎನ್ನುವ ಮನೆಯಲ್ಲಿ ಮಗ್ಗ ಬಹುಕಾಲ ಆಡಲಾರದು. ಆಟ ನೋಡುವವನ ಸ್ಥಿತಿ ಇದಕ್ಕಿಂತ ನಾಜೂಕಾದುದು. ಅವನು ಹಾಸು ಹೂಡಿದವನಲ್ಲ, ಕಂಡಿಕೆ ಸುತ್ತಿದವನಲ್ಲ. ಆಟಗಾರ ಬಿಸಿಲಲ್ಲಿ ಬೆವರಿದಾಗ ಅವನು ನೆರಳಲ್ಲಿ ಚುರುಮುರಿ ಮೆಲ್ಲುತ್ತಿದ್ದ. ಗೆಲುವಿನಲ್ಲಿ ಪಾಲು ಬೇಡುವ ಅವನಿಗೆ ಮಾಡಲು ಉಳಿದಿರುವ ಕಾಯಕ ಒಂದೇ. ಸೋತ ದಿನ ಸೋಲಿಗೆ ಹೆಗಲು ಕೊಡುವುದು. ಅದನ್ನೂ ಒಲ್ಲೆನೆಂದರೆ ಗೆಲುವಿನ ಪಾಲು ಅವನಿಗೆ ಯಾವ ನ್ಯಾಯದಿಂದ ಸಲ್ಲಬೇಕು?

ಹೆಗಲು ಕೊಡದ ದಿನಗಳನ್ನು ಈ ದೇಶ ಕಂಡಿದೆ. 2007ರ ಮಾರ್ಚಿನಲ್ಲಿ ನಮ್ಮ ರಾಹುಲ್ ದ್ರಾವಿಡ್ ನಾಯಕರಾಗಿದ್ದ ತಂಡ ವೆಸ್ಟ್ ಇಂಡೀಸಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಹೊರಬಿದ್ದಿತು. ಆಟಗಾರರ ಪ್ರತಿಕೃತಿಗಳು ಬೀದಿಯಲ್ಲಿ ಸುಟ್ಟವು. ರಾಂಚಿಯಲ್ಲಿ ಧೋನಿಯವರು ಕಟ್ಟಿಸುತ್ತಿದ್ದ ಮನೆಯ ಮೇಲೆ ದಾಳಿ ನಡೆಯಿತು. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಪಾಕಿಸ್ತಾನದ ಎದುರು ಸೋತಾಗ ಮಹಮ್ಮದ್ ಶಮಿಯವರ ಧರ್ಮವನ್ನೇ ಎತ್ತಿ ನಿಂದಿಸಿದವರುಂಟು. ಸೋಲು ಹನ್ನೊಂದು ಜನರದಾಗಿತ್ತು. ನಿಂದೆಗೆ ಒಬ್ಬನನ್ನು ಆರಿಸಲಾಯಿತು.

ಹೆಗಲು ಕೊಟ್ಟ ದಿನವೂ ಇದೆ. 2017ರ ಜುಲೈ 23ರಂದು ಲಾರ್ಡ್ಸ್‌ನಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್. ಗೆಲ್ಲಲು 229 ರನ್ ಬೇಕಿತ್ತು. 3 ವಿಕೆಟ್ಟಿಗೆ 191 ಇದ್ದ ನಮ್ಮ ತಂಡ 219ಕ್ಕೆ ಕುಸಿದು, ಇಂಗ್ಲೆಂಡಿಗೆ ಕೇವಲ 9 ರನ್ನುಗಳಿಂದ ಸೋತಿತು. ಕಡೂರಿನ ವೇದಾ ಕೃಷ್ಣಮೂರ್ತಿ ಅಂದು 35 ರನ್ ಮಾಡಿದ್ದರು. ಕೊನೆಯ ವಿಕೆಟ್ಟಾಗಿ ಹೊರಬಂದವರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಎಂಟು ದಿನಗಳ ಹಿಂದೆ ಅವರೇ 15 ರನ್ನಿಗೆ 5 ವಿಕೆಟ್ ಕಿತ್ತು ನ್ಯೂಜಿಲೆಂಡನ್ನು ಮಣಿಸಿದ್ದರು. ಇಷ್ಟು ಸಮೀಪದ ಸೋಲಿಗೆ ಸಿಟ್ಟು ಬರಬಹುದಿತ್ತು. ಬರಲಿಲ್ಲ. ಮರಳಿದ ಹೆಣ್ಣುಮಕ್ಕಳನ್ನು ಜನ ಗೆದ್ದುಬಂದವರಂತೆ ಎದುರುಗೊಂಡರು. ಸೋತವರನ್ನು ‘ನಮ್ಮ ಮಕ್ಕಳು’ ಎಂದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಮೊದಲ ಬಾರಿ ವಿಶ್ವಕಪ್ ಎತ್ತಿದಾಗ ‘ಗೆದ್ದೆವು’ ಎಂಬ ಮಾತಿಗೆ ತಕ್ಕ ತೂಕವಿತ್ತು. ಅದನ್ನಾಡಿದವರಲ್ಲಿ ಅನೇಕರು 2017ರಲ್ಲಿ ‘ಸೋತೆವು’ ಎಂದವರಾಗಿದ್ದರು. ದ್ರಾವಿಡ್ ಅವರೂ ಕಾದರು. 2007ರಲ್ಲಿ ತಲೆತಗ್ಗಿಸಿ ಬಿಟ್ಟುಬಂದ ಅದೇ ಕೆರಿಬಿಯನ್ ದ್ವೀಪಗಳಲ್ಲಿ, 2024ರ ಜೂನ್ 29ರಂದು, ಅವರು ತರಬೇತುದಾರರಾಗಿದ್ದ ತಂಡ ಇಪ್ಪತ್ತು ಓವರುಗಳ ವಿಶ್ವಕಪ್ ಗೆದ್ದಿತು.

ಈ ವಿಚಾರ ಆಟದ ಮೈದಾನಕ್ಕಷ್ಟೇ ಸಂಬಂಧಿಸಿದ್ದಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮಗ ಪರೀಕ್ಷೆಯಲ್ಲಿ ಮೇಲಿನ ದರ್ಜೆ ಪಡೆದರೆ ತಂದೆ ಬಂದವರೆದುರು ‘ನಮ್ಮ ಹುಡುಗ’ ಎನ್ನುತ್ತಾನೆ. ಅನುತ್ತೀರ್ಣನಾದರೆ ಹೆಂಡತಿಯತ್ತ ತಿರುಗಿ ‘ನೋಡು, ನಿನ್ನ ಮಗ!’ ಎನ್ನುತ್ತಾನೆ. ಅಲ್ಲಿ ಪ್ರಥಮ ಪುರುಷ, ಇಲ್ಲಿ ಮಧ್ಯಮ ಪುರುಷ. ಸೂತ್ರ ಮಾತ್ರ ಒಂದೇ. ಟಿ.ವಿ.ಯ ಮುಂದೆ ಕುಳಿತ ಬಾಲಕ ಬ್ಯಾಟು ಬೀಸುವುದನ್ನಷ್ಟೇ ಕಲಿಯುವುದಿಲ್ಲ. ಸೋತವನನ್ನು ತನ್ನ ಮನೆಯವರು ಏನೆಂದು ಕರೆಯುತ್ತಾರೆ ಎಂಬುದನ್ನೂ ಕೇಳಿಸಿಕೊಳ್ಳುತ್ತಾನೆ. ನಾಳೆ ತಾನು ಸೋತಾಗ ಮನೆಯ ಬಾಗಿಲು ತಟ್ಟಬೇಕೋ ಬೇಡವೋ ಎಂಬುದನ್ನು ಅವನು ನಿರ್ಧರಿಸುವುದು ಆ ಮಾತಿನ ಮೇಲೆ. ಫಲಿತಾಂಶದ ದಿನಗಳಲ್ಲಿ ಮನೆ ಬಿಟ್ಟುಹೋದ ಮಕ್ಕಳ ಸುದ್ದಿ ಓದಿ ಕೊರಗುವ ತಂದೆತಾಯಂದಿರು ಇದನ್ನು ಮನಗಾಣಬೇಕು.

ಬಂದುದನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು ಶರಣಧರ್ಮದ ನಡೆ. ಸಿಹಿಯನ್ನಷ್ಟೇ ಅರ್ಪಿಸಿ ಕಹಿಯನ್ನು ನೆರೆಯವನ ಎಲೆಗೆ ಬಡಿಸುವುದು ಪ್ರಸಾದಭಾವವೆನಿಸದು. ಮುಂದಿನ ಬಾರಿ ಭಾರತ ಸೋತಾಗ, ಮನೆಯ ಹಿರಿಯರು ಟಿ.ವಿ. ಆರಿಸಿ, ಮಕ್ಕಳ ಎದುರು ಸಮಾಧಾನದಿಂದ ‘ಇವತ್ತು ಸೋತಿವಿ, ಬರ್ರಿ ಊಟಕ್ಕ’ ಎಂದರೆ ಸಾಕು. ಅಂದಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಾಗದು.