ಮನೆಯಲ್ಲೇ ಟಿಂಕರಿಂಗ್ ಇರಲಿ, ಬಣ್ಣ ಮಾತ್ರ ಬೇಡ

ಊರಿನಲ್ಲಿ ನಾವು ಇದನ್ನು ಟಿಂಕರಿಂಗ್ ಅನ್ನುತ್ತೇವೆ. ಮುಂಬಯಿಗೆ ಬಂದು ಇಷ್ಟು ವರ್ಷವಾದರೂ ನನ್ನ ಬಾಯಲ್ಲಿ ಅದೇ ಬರುತ್ತದೆ. ಇಲ್ಲಿ ಡೆಂಟಿಂಗ್ ಅನ್ನಬೇಕು, ಮಾಡುವವನು ಡೆಂಟರ್. ಹೆಸರು ಏನಾದರಿರಲಿ, ಸೊಟ್ಟಗಾದ ತಗಡನ್ನು ನೆಟ್ಟಗೆ ಮಾಡುವ ಕೆಲಸ.

ಈಗ ಯೂಟ್ಯೂಬ್ ನೋಡಿ ಈ ಕೆಲಸವನ್ನು ಮನೆಯಲ್ಲೇ ಮಾಡುವ ಆಸೆ ಹಲವರಿಗೆ ಬಂದಿದೆ. ಒಳ್ಳೆಯದೇ. ಆದರೆ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ: ಯಾವ ಕಂಪ್ರೆಸರ್ ತಗೊಳ್ಳಲಿ, ಯಾವ ಸ್ಪ್ರೇ ಗನ್ ಒಳ್ಳೆಯದು? ನನ್ನ ಪ್ರಕಾರ ಅದು ತಲೆಕೆಳಗಾದ ಲೆಕ್ಕ. ಮನೆಯ ಗ್ಯಾರೇಜು ಇರಬೇಕಾದ್ದು ತುಕ್ಕಿಗೆ ಮತ್ತು ತಗಡಿಗೆ. ಬಣ್ಣ ಹೊರಗೇ ಆಗಲಿ.

"ನಾಕಾದಲ್ಲಿ ಡೆಂಟರ್ ಇರುವಾಗ ನಿಮಗೆ ಯಾಕೆ ಮಾರಾಯ್ರೆ ಈ ಉಸಾಬರಿ?" ಅಂತ ನನ್ನ ಸ್ನೇಹಿತರೊಬ್ಬರು ಕೇಳುತ್ತಿರುತ್ತಾರೆ. ನ್ಯಾಯವಾದ ಪ್ರಶ್ನೆ. ಕೈ ಕೆಲಸದಲ್ಲಿ ನಾವು ಅವನ ಕಾಲು ಭಾಗಕ್ಕೂ ಬರುವುದಿಲ್ಲ. ಆದರೆ ಅವನಿಗೆ ದುಡ್ಡು ಸಿಗುವುದು ಬಾಗಿಲಿಗೆ ಇಷ್ಟು, ಬಾನೆಟ್ಟಿಗೆ ಇಷ್ಟು ಅಂತ. ಬಾಗಿಲಿನ ಒಳಮೈಯ ತುಕ್ಕು ಕೆರೆಯುತ್ತ ಎರಡು ದಿನ ಕೂತರೆ ಅವನ ಮನೆ ನಡೆಯಬೇಕಲ್ಲ? ಹಾಗಾಗಿ ಮೇಲಿಂದ ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದು ಕೊಡುತ್ತಾನೆ. ದೀಪಾವಳಿಗೆ ಫಳಫಳ ಹೊಳೆಯುತ್ತದೆ. ನನ್ನ ಪದ್ಮಿನಿಯ ಬಾಗಿಲುಗಳನ್ನು ಒಂದು ಗ್ಯಾರೇಜಿನವರು ಹೀಗೇ ಮಾಡಿಕೊಟ್ಟಿದ್ದರು, ಎರಡನೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದಿತು. ಹಳೆ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಒಯ್ಯಿರಿ. ಪುಟ್ಟಿ ದಪ್ಪಗಿರುವ ಕಡೆ ಅದು ಅಂಟುವುದಿಲ್ಲ!

ವರ್ಷಕ್ಕೆ 2000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ, ಉಪ್ಪು ಗಾಳಿಯ ಊರಿದು. ತುಕ್ಕು ಮೊದಲು ಹಿಡಿಯುವುದು ಕಾಣದ ಕಡೆ: ಮ್ಯಾಟಿನ ಕೆಳಗಿನ ನೆಲದ ತಗಡು, ಬಾಗಿಲಿನ ತಳ. ಬಾಗಿಲೊಳಗೆ ಇಳಿದ ನೀರು ಹೊರಹೋಗಲು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಒಂದು ತಂತಿ ತುಂಡು ಸಾಕು, ಬಿಡಿಸಬಹುದು. ಇದಕ್ಕೆ ಗ್ಯಾರೇಜೂ ಬೇಡ, ಎಂಥದೂ ಬೇಡ.

ಪದ್ಮಿನಿಯವರಿಗೆ ಇನ್ನೊಂದು ತಲೆಬಿಸಿ. ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಆ ಕಾರು ಮಾಡುವುದನ್ನು ನಿಲ್ಲಿಸಿ ಎರಡು ದಶಕ ದಾಟಿತು. ಕಾಳಿ-ಪೀಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿಗೆ ಮುಂಬಯಿ ರಸ್ತೆಯಿಂದ ಹೋದವು. ಅವು ಓಡುತ್ತಿದ್ದಾಗ ಗುಜರಿಯಲ್ಲಿ ಹುಡುಕಿದರೆ ಬಾಗಿಲೋ ಮಡ್‌ಗಾರ್ಡೋ ಸಿಗುತ್ತಿತ್ತು. ಇನ್ನು ಮೇಲೆ ಇರುವ ತಗಡನ್ನೇ ಉಳಿಸಿಕೊಳ್ಳಬೇಕು.

ಸರಿ, ಜಾಗ ಎಲ್ಲಿ? ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ನಮ್ಮ ಪಾಲಿಗೆ ಬರುವ ಅಗಲ ಸುಮಾರು ಎರಡೂವರೆ ಮೀಟರ್. ಕಾರಿನ ಅಗಲ ಒಂದೂವರೆ. ಪಕ್ಕದಲ್ಲಿ ಉಳಿಯುವ ಅರ್ಧ ಮೀಟರಿನಲ್ಲಿ ಬಾಗಿಲೇ ಪೂರ್ತಿ ತೆರೆಯುವುದಿಲ್ಲ, ಸುತ್ತಿಗೆ ಬೀಸುವುದು ದೂರ. ಲಕ್ಷಗಟ್ಟಲೆ ತಗೊಂಡು ನಮಗೆ ಮಾರಿದ್ದು ಕಾರು ನಿಲ್ಲಿಸುವ ಜಾಗ ಮಾತ್ರ, ಅದನ್ನು ಮುಟ್ಟುವ ಜಾಗ ಅಲ್ಲ. ನಾನು ಡೊಂಬಿವಲಿಯ ರೋ-ಹೌಸಿನವನು, ಮುಂದೆ ಪೋರ್ಚ್ ಇದೆ, ಅದೃಷ್ಟ. ಸುತ್ತಲೂ ಒಂದು ಮೀಟರಾದರೂ ಖಾಲಿ, ಸಮತಟ್ಟಾದ ಸಿಮೆಂಟು ನೆಲ, ಗಾಳಿ ಇಲ್ಲದಿದ್ದರೆ ದೊಡ್ಡ ಕೆಲಸಕ್ಕೆ ಕೈ ಹಾಕಬೇಡಿ. ಬೇಸ್‌ಮೆಂಟಿನಲ್ಲಂತೂ ಖಂಡಿತ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕಂಟಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆಮೇಲೆ ಒಂದು ಕಿಡಿ ಸಾಕು.

ದುಡ್ಡು ಮೊದಲು ಖರ್ಚಾಗಬೇಕಾದ್ದು ಒಂದು ಜೊತೆ ಜ್ಯಾಕ್ ಸ್ಟ್ಯಾಂಡಿಗೆ. ಜ್ಯಾಕು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಬರೀ ಜ್ಯಾಕಿನ ಮೇಲೆ, ಇಟ್ಟಿಗೆ ಪೇರಿಸಿ ಅದರ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗುವವರನ್ನು ದಾರಿ ಬದಿಯಲ್ಲಿ ದಿನವೂ ನೋಡುತ್ತೇವೆ. ಅವರಿಗೆ ಬೇರೆ ದಾರಿ ಇಲ್ಲ, ನಮಗೆ ಇದೆ. ನಂತರ ಕನ್ನಡಕ, ಕೈಗವಸು, ಬೆಂಕಿ ಆರಿಸುವ ಸಿಲಿಂಡರ್, ಸರಿಯಾದ ಅರ್ಥಿಂಗ್ ಇರುವ 15 ಆಂಪ್ ಪ್ಲಗ್ಗು.

ತಗ್ಗು ತೆಗೆಯುವ ಕೆಲಸಕ್ಕೆ ಬೇಕಾದ್ದು ಎರಡು ಮೂರು ಸುತ್ತಿಗೆ, ಒಂದೆರಡು ಡಾಲಿ. ಡಾಲಿ ಅಂದರೆ ಅಂಗೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ. ಅದನ್ನು ತಗಡಿನ ಹಿಂದೆ ಒತ್ತಿ ಹಿಡಿದು ಮುಂದಿನಿಂದ ಮೆಲ್ಲಗೆ ತಟ್ಟಬೇಕು. ಜೋರಾಗಿ ಬಡಿದರೆ ತಗಡು ತೆಳುವಾಗಿ ಹಿಗ್ಗುತ್ತದೆ, ಆಮೇಲೆ ಎಣ್ಣೆ ಡಬ್ಬದ ಮುಚ್ಚಳದ ಹಾಗೆ ಟಕ್ ಟಕ್ ಅನ್ನುತ್ತದೆ. ಅದನ್ನು ಕಾಯಿಸಿ, ಒದ್ದೆ ಬಟ್ಟೆ ಇಟ್ಟು ಕುಗ್ಗಿಸುವ ವಿದ್ಯೆ ಇದೆ, ಅದಕ್ಕೆ ವರ್ಷಗಳು ಬೇಕು. ಕಣ್ಣಿಗಿಂತ ಅಂಗೈಯನ್ನು ನಂಬಿ. ತೆಳು ಬಟ್ಟೆಯ ಮೇಲಿಂದ ಕೈ ಆಡಿಸಿದರೆ ಉಬ್ಬು ತಗ್ಗು ಚೆನ್ನಾಗಿ ತಿಳಿಯುತ್ತದೆ. ಹಳೇ ಡೆಂಟರ್‌ಗಳು ಹೀಗೆ ಸವರುವುದನ್ನು ಒಂದು ಗಂಟೆ ನಿಂತು ನೋಡಿ, ಯಾವ ವೀಡಿಯೋದಲ್ಲೂ ಅಷ್ಟು ಸಿಗುವುದಿಲ್ಲ.

ತೂತು ಬಿದ್ದ ಕಡೆ ವೆಲ್ಡಿಂಗ್ ಬೇಕು. ಮೈ ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಗ್ರಿಲ್ ಮಾಡುವವನ ಆರ್ಕ್ ವೆಲ್ಡಿಂಗಿಗೆ ಅದು ಕರಗಿ ತೂತು ದೊಡ್ಡದಾಗುತ್ತದೆ, ಮಿಗ್ ಬೇಕು. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕು ಇಳಿಸಿ ದೂರ ಇಟ್ಟ ಮೇಲೆಯೇ.

ಇನ್ನು ಬಣ್ಣ. ಈಗಿನ ಪಿಯು ಬಣ್ಣಕ್ಕೆ ಬೆರೆಸುವ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಲ್ಲಿ ಹೋದರೆ ಅಸ್ತಮಾ ಅಂಟಿಕೊಳ್ಳಬಹುದು, ಒಮ್ಮೆ ಅಂಟಿದರೆ ಮುಂದೆ ಚೂರು ತಗುಲಿದರೂ ಉಬ್ಬಸ. ಧೂಳಿನ ಮಾಸ್ಕಿನಿಂದ ಏನೂ ಪ್ರಯೋಜನವಿಲ್ಲ, ಬೇಕಾದ್ದು ಹೊರಗಿನ ಶುದ್ಧ ಗಾಳಿ ಕೊಡುವ ಮುಖವಾಡ. ನೀವು ಹಾಕಿಕೊಂಡಿರಿ ಅನ್ನೋಣ, ಪಕ್ಕದ ಮನೆಯ ಅಜ್ಜಿಗೆ ಯಾರು ಹಾಕುತ್ತಾರೆ? ನನ್ನ ತಕರಾರು ಇರುವುದೇ ಇಲ್ಲಿ. ನಮ್ಮ ಹವ್ಯಾಸಕ್ಕೆ ಪಕ್ಕದವರ ಶ್ವಾಸಕೋಶ ಬಾಡಿಗೆಗೆ ಸಿಗುವುದಿಲ್ಲ. ಸುತ್ತಿಗೆಯ ಸದ್ದಿಗೂ ಅಷ್ಟೆ, ಮಧ್ಯಾಹ್ನ ಎರಡರಿಂದ ನಾಲ್ಕು ನಾನು ಮುಟ್ಟುವುದಿಲ್ಲ.

ಹೊಸ ಕಾರುಗಳ ಕತೆಯೇ ಬೇರೆ. ಅವುಗಳ ಕಂಬಗಳಲ್ಲಿರುವ ಗಟ್ಟಿ ಉಕ್ಕನ್ನು ಕಾಯಿಸಿ ಬಗ್ಗಿಸಿದರೆ ಬಲ ಹೋಗುತ್ತದೆ. ಕೆಲವುಗಳ ಬಂಪರಿನಲ್ಲಿ ಸೆನ್ಸರ್, ಸುತ್ತ ಏರ್‌ಬ್ಯಾಗಿನ ವೈರು. ಗೀರು, ಸಣ್ಣ ತಗ್ಗು ಬಿಟ್ಟು ಉಳಿದದ್ದನ್ನು ಸರ್ವೀಸ್ ಸೆಂಟರಿಗೇ ಬಿಡಿ.

ನಾನು ಮಾಡುವುದಿಷ್ಟು: ಡಿಸೆಂಬರಿನಲ್ಲಿ ಬಿಚ್ಚುವುದು, ತುಕ್ಕು ಕೆರೆದು ಹೊಳೆಯುವ ತಗಡು ಕಾಣುವವರೆಗೆ ಹೋಗುವುದು, ಅದೇ ದಿನ ಎಪಾಕ್ಸಿ ಪ್ರೈಮರನ್ನು ಬ್ರಶ್ಶಿನಲ್ಲೇ ಹಚ್ಚುವುದು. ಸಾದಾ ಪ್ರೈಮರ್ ನೀರು ಹೀರುತ್ತದೆ, ಅದರ ಮೇಲೆ ಮಳೆಗಾಲ ಕಳೆಯುವ ಧೈರ್ಯ ಮಾಡಬಾರದು. ಏಪ್ರಿಲಿನಲ್ಲಿ ಬೂತ್ ಇರುವ ಪೇಂಟರಿಗೆ ಒಪ್ಪಿಸುವುದು. ಜೂನಿಗೆ ತಂದರೆ ಅವನು ಕೈ ಆಡಿಸಿಬಿಡುತ್ತಾನೆ. ಗಾಳಿಯ ತೇವಕ್ಕೆ ಎನ್‌ಸಿ ಬಣ್ಣ ಬೆಳ್ಳಗೆ ಮಂಕಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.