ಅರ್ಧ ರೇಟಿನ ದಂಡ, ಪೂರ್ತಿ ರೇಟಿನ ಪೇಚಾಟ

ಮಂಡ್ಯದ ಪೇಟೆ ಬೀದಿಯ ಜವಳಿ ವರ್ತಕರೊಬ್ಬರು ತಮ್ಮ ಹಳೆಯ ಕಾರನ್ನು ಮಾರಲು ಹೊರಟರು. ಗಿರಾಕಿ ಸಿಕ್ಕಿದ್ದಾಯಿತು, ಮುಂಗಡವೂ ಕೈಗೆ ಬಂತು. ಆರ್.ಟಿ.ಓ. ಕಛೇರಿಯ ಮುಂದಿನ ಏಜೆಂಟು ಮೊಬೈಲಿನಲ್ಲಿ ಗಾಡಿ ನಂಬರು ಒತ್ತಿ ನೋಡಿ, "ಸಾವ್ಕಾರ್ರೇ, ಐದು ಕೇಸವೆ. ಐದೂ ಓವರ್‌ಸ್ಪೀಡು. ಕಟ್ಟಿದ್ರೇನೇ ಹೆಸರು ಬದಲಾಗೋದು" ಅಂದ. ಒಂದೊಂದಕ್ಕೆ ಸಾವಿರದಂತೆ ಐದು ಸಾವಿರ ರೂಪಾಯಿ. ಸಾಹುಕಾರರು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತರು.

ಕನ್ನಡಕ ಏರಿಸಿ ನೋಡಿದರೆ ಐದೂ ಮಂಗಳವಾರ, ಐದೂ ಒಂದೇ ಜಾಗ. ಮಂಗಳವಾರ ಅವರು ಚಿಕ್ಕಪೇಟೆಗೆ ಮಾಲಿಗೆ ಹೋಗುವ ದಿನ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ವ್ಯಾಪಾರದ ಹೊತ್ತಿಗೆ ಅಂಗಡಿಯಲ್ಲಿರಬೇಕು. ಒಂದು ವಾರ 106 ಕಿಲೋಮೀಟರು, ಮತ್ತೊಂದು ವಾರ 111. ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ ಗಂಟೆಗೆ 100. ಮೇಲೆ ನೇತಾಡುವ ಕ್ಯಾಮೆರಾ ಪ್ರತಿ ವಾರವೂ ಫೋಟೋ ಹೊಡೆದಿದೆ, ಪ್ರತಿ ವಾರವೂ ಕೇಸು ಬರೆದಿದೆ, ಸಾಹುಕಾರರಿಗೆ ಮಾತ್ರ ಒಂದೂ ತಿಳಿದಿಲ್ಲ. ಕಾರಿನ ದಾಖಲೆಯಲ್ಲಿದ್ದ ಮೊಬೈಲ್ ನಂಬರು ಕೊಂಡ ಕಾಲದಲ್ಲಿ ಷೋರೂಮಿನ ಹುಡುಗ ತುಂಬಿಸಿದ್ದು. ಆ ಹುಡುಗ ಈಗ ಎಲ್ಲಿದ್ದಾನೋ!

"ತಪ್ಪು ನಂದೇ ಕಣಪ್ಪ, ಇಲ್ಲ ಅನ್ನಾಕಿಲ್ಲ. ಆದ್ರೆ ಮೊದಲ್ನೇ ವಾರಾನೇ ಒಂದು ಕಾಗ್ದ ಹಾಕಿದ್ರೆ ಮಿಕ್ಕ ನಾಲ್ಕು ವಾರ ನಾನು ನಿಧಾನಕ್ಕೆ ಹೋಗ್ತಿರ್ಲಿಲ್ವಾ?" ಎಂಬುದು ಸಾಹುಕಾರರ ಪ್ರಶ್ನೆ. ಏಜೆಂಟು ನಕ್ಕ. ಆದರೆ ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇವತ್ತು ಮೈಸೂರಿನಿಂದ ಬೆಂಗಳೂರಿನವರೆಗೆ ಗಾಡಿ ಇಟ್ಟವರೆಲ್ಲ ಅಂಗಡಿ ಕಟ್ಟೆಯ ಮೇಲೆ, ಟೀ ಗಾಡಿಯ ಮುಂದೆ ಗೊಣಗುತ್ತಿರುವುದೆಲ್ಲ ಈ ಒಂದು ಪ್ರಶ್ನೆಯೊಳಗೇ ಇದೆ. ವೇಗ ತಗ್ಗಿಸುವುದು ಉದ್ದೇಶವೋ, ವಸೂಲಿ ಉದ್ದೇಶವೋ?

ಮೊದಲು ಪೋಲೀಸರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು. ಯಾಕೆಂದರೆ ಕಟ್ಟೆ ಪಂಚಾಯ್ತಿಯಲ್ಲಿ ಅದನ್ನು ಹೇಳುವವರು ಕಡಿಮೆ.

118 ಕಿಲೋಮೀಟರಿನ ಈ ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೂರು ಗಂಟೆ ದಾರಿ ಒಂದೂವರೆ ಗಂಟೆಗೆ ಇಳಿಯಿತೆಂದು ಎಲ್ಲರಿಗೂ ಸಂತೋಷ. ರಸ್ತೆ ಸಿಕ್ಕಿದ್ದೇ ತಡ, ಕಾರು ಕೊಂಡವರೆಲ್ಲ ವಿಮಾನ ಓಡಿಸುವವರಾದರು. ಆಮೇಲಿನದು ಜಿಲ್ಲೆಯ ಜನ ಮರೆಯುವಂಥದ್ದಲ್ಲ. ಪೋಲೀಸ್ ಇಲಾಖೆಯೇ ಕೊಟ್ಟ ಲೆಕ್ಕದಂತೆ ಆ ವರ್ಷ ಮೇ ತಿಂಗಳೊಂದರಲ್ಲೇ ಈ ರಸ್ತೆಯಲ್ಲಿ ಸತ್ತವರು 29 ಜನ, ಜೂನ್‌ನಲ್ಲಿ 28 ಜನ. ದಿನಕ್ಕೊಂದು ಹೆಣವೆಂದರೆ ತಪ್ಪಾಗದು. ಜಿಲ್ಲಾಸ್ಪತ್ರೆಯ ಶವಾಗಾರದ ಮುಂದೆ ನೆಂಟರು ನಿಂತಿರುವುದು ನಿತ್ಯದ ನೋಟವಾಯಿತು. ಜುಲೈ ತಿಂಗಳಲ್ಲಿ ವೇಗ ಅಳೆಯುವ ರಾಡಾರ್ ಗನ್ ಹಿಡಿದು ಪೋಲೀಸರು ರಸ್ತೆಗಿಳಿದರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವೀಸ್ ರಸ್ತೆಗೆ ಇಳಿಸಲಾಯಿತು. ಜುಲೈನಲ್ಲೇ ಸಾವಿನ ಲೆಕ್ಕ ಎಂಟಕ್ಕೆ ಇಳಿದಿತ್ತು. ಎಲ್ಲವೂ ರಾಡಾರ್ ಗನ್ನಿನ ಪುಣ್ಯವೆನ್ನಲಾಗದು. ಆದರೂ ಇಪ್ಪತ್ತೆಂಟು ಎಲ್ಲಿ, ಎಂಟು ಎಲ್ಲಿ! ಆಮೇಲೆ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ಮೀರಿ ಓಡಿಸಿದವರ ಮೇಲೆ ಎಫ್.ಐ.ಆರ್. ಹಾಕುವ ಕ್ರಮವೂ ಬಂತು.

ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರು ಓಡುತ್ತದೆ. ನೂರಮೂವತ್ತರಲ್ಲಿ 36 ಮೀಟರು. ಎದುರಿಗೇನೋ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಹೋಗೇ ಹೋಗುತ್ತದೆ. ಇಂಡುವಾಳಿನಲ್ಲೋ, ಬೂದನೂರಿನಲ್ಲೋ ಹುಲ್ಲಿನ ಹೊರೆ ಹೊತ್ತು ಆ ಕಡೆ ಗದ್ದೆಯಿಂದ ಈ ಕಡೆ ಊರಿಗೆ ದಾಟಲು ನಿಂತವಳಿಗೆ ಆ ಎಂಟು ಮೀಟರಿನ ವ್ಯತ್ಯಾಸವೆಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಕ್ಯಾಮೆರಾನೇ ಬೇಡ, ದಂಡವೇ ಬೇಡ ಎನ್ನುವವರ ಮಾತಿಗೆ ಹುರುಳಿಲ್ಲ. ಇನ್ನೂ ಒಂದು ಸತ್ಯ ಇದೆ. ಗೊಣಗುವವರಲ್ಲಿ ಕೆಲವರಿಗೆ ಸಿಟ್ಟು ಬಂದಿರುವುದು ದಂಡ ಬಿತ್ತೆಂದಲ್ಲ, ಚೌಕಾಸಿಗೆ ಅವಕಾಶ ತಪ್ಪಿತೆಂದು. ಹಿಂದೆ ಪೇದೆ ಕೈ ಅಡ್ಡ ಹಾಕಿದರೆ "ಸಾರ್, ನಮ್ಮ ಭಾವಮೈದ ಇಲಾಖೆಯಲ್ಲೇ ಇದಾನೆ" ಅನ್ನಬಹುದಿತ್ತು, ಜೇಬಿಗೆ ಕೈ ಹಾಕಬಹುದಿತ್ತು. ಈ ಕ್ಯಾಮೆರಾ ಮಹಾರಾಯನಿಗೆ ಭಾವಮೈದನೂ ಇಲ್ಲ, ಜೇಬೂ ಇಲ್ಲ. ಅದಕ್ಕಾಗಿ ಅಳುವವರು ಅಳಲಿ.

ಆದರೆ ಜವಳಿ ಸಾಹುಕಾರರ ಪ್ರಶ್ನೆ ಬೇರೆ. ಅದಕ್ಕೆ ಕಾನೂನಿನಲ್ಲೇ ಆಧಾರ ಇದೆ. ಕ್ಯಾಮೆರಾದಿಂದ ಕೇಸು ಹಾಕುವ ಅಧಿಕಾರ ಬಂದದ್ದು 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 136ಎ ಕಲಮಿನಿಂದ. ಕಾರಿಗೆ ಇದ್ದ ಮುನ್ನೂರು ನಾನೂರರ ದಂಡ ಸಾವಿರಕ್ಕೆ ಏರಿದ್ದೂ ಆ ವರ್ಷವೇ. ಲಾರಿ ಬಸ್ಸಿಗಾದರೆ ಎರಡು ಸಾವಿರ. ಸರಿ. ಅದೇ ಕಲಮಿನಡಿ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮವನ್ನೂ ಹೊರಡಿಸಿತು, 167ಎ ಅಂತ. ಅದರಲ್ಲಿ ಏನಿತ್ತು? ಕೇಸಾದ 15 ದಿನದೊಳಗೆ ನೋಟೀಸು ಕಳಿಸಬೇಕು. ಅದರಲ್ಲಿ ಫೋಟೋ ಇರಬೇಕು, ಜಾಗ, ದಿನ, ಹೊತ್ತು, ಅಳೆದ ವೇಗ ಎಲ್ಲ ಇರಬೇಕು. ಅಳೆಯುವ ಯಂತ್ರಕ್ಕೆ ಸರ್ಕಾರದ ಪ್ರಮಾಣಪತ್ರ ಇರಬೇಕು, ವರ್ಷವರ್ಷಕ್ಕೆ ಅದು ನವೀಕರಣ ಆಗಬೇಕು. ಮುಂದೆ ಕ್ಯಾಮೆರಾ ಇದೆಯೆಂದು ಜನಕ್ಕೆ ಕಾಣುವ ಹಾಗೆ ಬೋರ್ಡು ಹಾಕಿರಬೇಕು.

ಗಮನಿಸಿ. ಅಂಗಡಿಯ ತಕ್ಕಡಿಗೆ ವರ್ಷ ವರ್ಷ ಮುದ್ರೆ ಹಾಕಿಸದಿದ್ದರೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ಕೇಸು ಹಾಕುತ್ತಾರೆ. ಮುದ್ರೆಯ ಪತ್ರವನ್ನು ಗಿರಾಕಿಗಳಿಗೆ ಕಾಣುವ ಹಾಗೆ ತೂಗುಹಾಕಿ ಎನ್ನುತ್ತಾರೆ. ಪೋಲೀಸರ ಕ್ಯಾಮೆರಾವೂ ಒಂದು ತಕ್ಕಡಿಯೇ ತಾನೇ? ಅದರ ಮುದ್ರೆಯ ಪತ್ರ ಎಲ್ಲಿ ತೂಗುಹಾಕಿದೆ? ಯಾವ ಕ್ಯಾಮೆರಾವನ್ನು ಯಾವಾಗ ಪರೀಕ್ಷೆ ಮಾಡಿಸಿದರೆಂದು ಜಿಲ್ಲಾ ಪೋಲೀಸ್ ಕಛೇರಿಯ ಮುಂದೆ ಒಂದು ಹಾಳೆ ಅಂಟಿಸಿದರೆ ಆಗುವ ಖರ್ಚೆಷ್ಟು?

ಇನ್ನು ತಕರಾರು ಹೇಳುವ ಸಂಗತಿ. ನಂಬರು ತಪ್ಪಾಗಿ ಓದಿದೆ, ಆ ದಿನ ಗಾಡಿ ಗ್ಯಾರೇಜಿನಲ್ಲಿತ್ತು ಎನ್ನುವವರು ಏನು ಮಾಡಬೇಕು? ಕೋರ್ಟಿಗೆ ಹೋಗಬಹುದು ಎನ್ನುತ್ತಾರೆ. ಹೋಗಬಹುದು, ಬೇಡ ಅಂದವರ್ಯಾರು! ಒಂದು ದಿನ ಅಂಗಡಿ ಬಾಗಿಲು ಹಾಕಬೇಕು, ವಕೀಲರಿಗೆ ಫೀಸು ಕೊಡಬೇಕು, ಆಮೇಲೆ ಇನ್ನೊಂದು ವಾಯಿದೆ. ಸಾವಿರ ರೂಪಾಯಿ ದಂಡದ ಮೇಲೆ ಮೂರು ಸಾವಿರ ಖರ್ಚು ಮಾಡಿ ಗೆದ್ದು ಬಂದವನನ್ನು ಪೇಟೆ ಬೀದಿಯಲ್ಲಿ ಜಾಣ ಅನ್ನುವುದಿಲ್ಲ. ಹಾಗಾಗಿ ತಪ್ಪಿದ್ದವನೂ ಕಟ್ಟುತ್ತಾನೆ, ತಪ್ಪಿಲ್ಲದವನೂ ಕಟ್ಟುತ್ತಾನೆ. ಕಟ್ಟದೇ ಉಳಿಯುವವನು ಮೂರನೆಯವನು. ನಂಬರ್ ಪ್ಲೇಟು ಮಡಚಿಕೊಂಡು, ಕೆಸರು ಮೆತ್ತಿಕೊಂಡು ಓಡುವವನು. ಅವನ ಫೋಟೋ ಎಷ್ಟು ಚೆಂದ ಬಂದರೇನು, ವಿಳಾಸವೇ ಇಲ್ಲ.

ಇಷ್ಟಾದರೂ ಜನ ಸಹಿಸಿಯಾರು. ಸಹಿಸಲಾಗದ್ದು ಆಷಾಢದ ಮಾರಾಟ.

2023ರ ಫೆಬ್ರವರಿ 2ರಿಂದ 11ರವರೆಗೆ ಬಾಕಿ ಇರುವ ಸಂಚಾರ ದಂಡಗಳನ್ನೆಲ್ಲ ಅರ್ಧ ಕಟ್ಟಿ ಮುಗಿಸಿಕೊಳ್ಳಿ ಎಂದು ಸರ್ಕಾರ ಹೇಳಿತು. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಅದು. ಕೋರ್ಟುಗಳ ಮೇಲಿನ ಹೊರೆ ಇಳಿಯಲಿ ಎಂಬುದು ಉದ್ದೇಶ. ಜನ ಮುಗಿಬಿದ್ದರು. ಕೋಟಿ ಕೋಟಿ ಜಮಾ ಆಯಿತು, ನೂರು ಕೋಟಿಯೂ ದಾಟಿತು. ರುಚಿ ಹತ್ತಿತು. ಮಾರ್ಚಿಯಲ್ಲಿ ಮತ್ತೊಮ್ಮೆ ರಿಯಾಯಿತಿ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮಗದೊಮ್ಮೆ. ಅದು ಮುಗಿದು ಎರಡು ತಿಂಗಳು ಕಳೆಯುವಷ್ಟರಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಮ್ಮೆ!

ಡಿಸ್ಕೌಂಟು ಸೇಲು ಅಂದರೇನೆಂದು ಜವಳಿ ಅಂಗಡಿಯವರಿಗೆ ಪಾಠ ಹೇಳಬೇಕಾಗಿಲ್ಲ. ಆಷಾಢದಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ಗೊತ್ತಾದ ಗಿರಾಕಿ ಜ್ಯೇಷ್ಠದಲ್ಲಿ ಸೀರೆ ಕೊಳ್ಳುವುದಿಲ್ಲ. ಮೆಸೇಜು ಬಂದ ದಿನವೇ ಪೂರ್ತಿ ಸಾವಿರ ಕಟ್ಟಿದವನು ಇವತ್ತು ನೆರೆಮನೆಯವನ ಮುಂದೆ ಪೆದ್ದ. ಕಟ್ಟದೆ ಎರಡು ವರ್ಷ ಕಾದವನು ಐನೂರರಲ್ಲಿ ಮುಗಿಸಿಕೊಂಡು ಮೀಸೆ ತಿರುವುತ್ತಾನೆ. ಕಾನೂನಿಗೆ ಹೆದರಿದವನಿಗೆ ಪೂರ್ತಿ ರೇಟು, ಹೆದರದವನಿಗೆ ಅರ್ಧ ರೇಟು. ಇದು ಯಾವ ಊರ ನ್ಯಾಯ? ಬೇಗ ಕಟ್ಟಿದವನಿಗೆ ರಿಯಾಯಿತಿ ಕೊಟ್ಟಿದ್ದರೆ ಅದೊಂದು ವ್ಯವಹಾರ. ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡಾ ಐದು ಬಿಡುವುದು ಹಾಗೆಯೇ ಅಲ್ಲವೇ? ದಂಡದ ವಿಷಯದಲ್ಲಿ ಮಾತ್ರ ತಲೆಕೆಳಗು.

ಈ ಸೇಲಿನ ಗಿರಾಕಿಗಳಲ್ಲಿ ದೊಡ್ಡವರೂ ಇದ್ದರು. 2025ರ ಸೆಪ್ಟೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೇ ಏಳು ಕೇಸು ಬಾಕಿ ಇದ್ದದ್ದು ಬಯಲಾಯಿತು. ಆರು ಸೀಟ್‌ಬೆಲ್ಟಿನದು, ಒಂದು ವೇಗದ್ದು. ಸುದ್ದಿ ಹಬ್ಬಿದ ಮೇಲೆ ದಂಡ ಕಟ್ಟಿದರು, ಅರ್ಧ ದರದಲ್ಲಿ. ಕ್ಯಾಮೆರಾ ಯಾರ ಮುಖವನ್ನೂ ನೋಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅಷ್ಟರಮಟ್ಟಿಗೆ ಅದನ್ನು ಮೆಚ್ಚಬೇಕು. ಆದರೆ ಪೂರ್ತಿ ಕಟ್ಟಿಬಿಟ್ಟಿದ್ದರೆ ನಾಡಿಗೇ ಒಂದು ಪಾಠವಾಗುತ್ತಿತ್ತಲ್ಲ ಸ್ವಾಮಿ!

ಬಸ್ಸಿನವರ ಮಾತನ್ನೂ ಕೇಳಬೇಕು. ದಿನಾ ಮದ್ದೂರಿನಿಂದ ಮಂಡ್ಯಕ್ಕೆ, ಶ್ರೀರಂಗಪಟ್ಟಣದಿಂದ ಮೈಸೂರಿಗೆ ಕೆಲಸಕ್ಕೆ ಓಡಾಡುವವರಿಗೆ ಈ ಕ್ಯಾಮೆರಾ ಗೊಡವೆ ಇಲ್ಲ. ಅವರ ಬಸ್ಸು ಓಡುವುದು ಹಳೆಯ ರಸ್ತೆಯಲ್ಲಿ, ಸರ್ವೀಸ್ ರಸ್ತೆಯಲ್ಲಿ. ಅಲ್ಲಿ ಬೈಕು, ಆಟೋ, ಕಬ್ಬಿನ ಗಾಡಿ, ಟ್ರಾಕ್ಟರು, ಜೊತೆಗೆ ಟೋಲು ತಪ್ಪಿಸಿಕೊಂಡು ನುಗ್ಗುವ ಕಾರುಗಳು. ಬಸ್ಸಿಗೆ ಕಾಯುವವರ ಮಂಡಿ ಸವರಿಕೊಂಡು ಹೋಗುತ್ತವೆ. "ಮ್ಯಾಲೆ ಓಡೋರಿಗೆ ಕ್ಯಾಮೆರಾ ಅದೆ, ಕೆಳಗೆ ನಿಂತೋರಿಗೆ ಒಂದು ನೆಳ್ಳಿಲ್ಲ" ಎಂದು ಗೆಜ್ಜಲಗೆರೆಯ ಹಣ್ಣಿನ ವ್ಯಾಪಾರದವಳು ಅಂದದ್ದು ದಂಡದ ಬಗ್ಗೆ ಎಲ್ಲ ಭಾಷಣಕ್ಕಿಂತ ತೂಕದ ಮಾತು. ಇದೇ ಹೆದ್ದಾರಿ ಬಂದು ಮದ್ದೂರು ವಡೆಯವರ, ಚನ್ನಪಟ್ಟಣದ ಬೊಂಬೆಯವರ ವ್ಯಾಪಾರ ಬಿತ್ತು. ಅದು ಇನ್ನೊಂದು ದಿನದ ಕಥೆ. ಆದರೆ ಆ ರಸ್ತೆಯ ಮೇಲೆ ಹುಟ್ಟುವ ದಂಡದ ದುಡ್ಡಿನಲ್ಲಿ ನಾಲ್ಕಾಣೆ ಪಾಲಾದರೂ ರಸ್ತೆಯ ಪಕ್ಕದ ಊರುಗಳಿಗೆ ತಿರುಗಬಾರದೇ? ಜನ ದಾಟಲು ಒಂದು ಮೇಲ್ಸೇತುವೆ, ನಿಲ್ಲಲು ಒಂದು ತಂಗುದಾಣ, ರಾತ್ರಿ ಒಂದು ದೀಪ. ದಂಡ ಕಟ್ಟುವವನಿಗೂ "ಹೋಗಲಿ, ಒಳ್ಳೇದಕ್ಕೆ ಹೋಯ್ತು" ಅನ್ನಿಸುತ್ತದೆ. ಈಗ ಕಟ್ಟಿದ್ದು ಎಲ್ಲಿಗೆ ಹೋಯಿತೆಂದು ಕಟ್ಟಿದವನಿಗೆ ಗೊತ್ತಿಲ್ಲ.

ಈಗಿನ ಏರ್ಪಾಟಿನಲ್ಲಿ ಕ್ಯಾಮೆರಾ ಕಂಡಲ್ಲಿ ಎಲ್ಲರೂ ಸಾಧುಗಳೇ. ಮೊಬೈಲಿನ ಮ್ಯಾಪು ಮುಂಚಿತವಾಗಿ ಕೂಗಿ ಹೇಳುತ್ತದೆ, ಕಂಬದ ಹತ್ತಿರ ಬ್ರೇಕು, ಕಂಬ ದಾಟಿದ ಮೇಲೆ ಮತ್ತೆ ಅದೇ ಓಟ. ದಿಢೀರನೆ ಬ್ರೇಕು ಹಾಕಿದವನ ಹಿಂದೆ ಬರುವವನ ಗತಿ ಕೇಳುವವರಿಲ್ಲ. ನೋಟೀಸು ವಾರದೊಳಗೆ ಮನೆಗೆ ಬರುತ್ತದೆಂಬ ಹೆದರಿಕೆ ಇದ್ದರೆ ಕಂಬಗಳ ನಡುವೆಯೂ ಕಾಲು ತಡೆಯುತ್ತದೆ. ಆರು ತಿಂಗಳಾದ ಮೇಲೆ, ಗಾಡಿ ಮಾರುವಾಗ, ಏಜೆಂಟಿನ ಬಾಯಿಂದ ತಿಳಿಯುವ ದಂಡಕ್ಕೆ ಯಾರ ಕಾಲೂ ತಡೆಯುವುದಿಲ್ಲ. ಅಷ್ಟು ದಿನದಲ್ಲಿ ಆ ಸಾಹುಕಾರರ ಕಾರು ಅದೇ ಜಾಗದಲ್ಲಿ ಯಾರಿಗಾದರೂ ತಾಗಿದ್ದರೆ? ಐದು ಫೋಟೋ ಇಟ್ಟುಕೊಂಡು ಇಲಾಖೆ ಸುಮ್ಮನಿತ್ತೆಂದೇ ಅರ್ಥವಾಗುತ್ತಿರಲಿಲ್ಲವೇ?

ಗಾಡಿ ಮಾಲೀಕರದೂ ಒಂದು ಕೆಲಸ ಇದೆ. ದಾಖಲೆಯಲ್ಲಿ ಸ್ವಂತ ಮೊಬೈಲ್ ನಂಬರು, ಈಗಿನ ವಿಳಾಸ ಇದೆಯೇ ಎಂದು ಒಮ್ಮೆ ನೋಡಿಸಿಕೊಳ್ಳಬೇಕು. ಷೋರೂಮಿನ ಹುಡುಗನನ್ನು ನಂಬಿ ಕೂತರೆ ಪೋಲೀಸರನ್ನು ಬೈದು ಪ್ರಯೋಜನವಿಲ್ಲ.

ಸಾಹುಕಾರರು ಐದು ಸಾವಿರ ಕಟ್ಟಿ ರಸೀದಿ ಪಡೆದರು. ಗಿರಾಕಿ ಕೈಬಿಟ್ಟು ಹೋಗುತ್ತಾನೆಂಬ ಭಯ. ಇನ್ನೊಂದು ರಿಯಾಯಿತಿಗೆ ಕಾಯಲು ಪುರುಸೊತ್ತಿರಲಿಲ್ಲ. ಅವರದೊಂದು ಕೋರಿಕೆ ಮಾತ್ರ ಸಂಬಂಧಪಟ್ಟವರ ಗಮನಕ್ಕೆ ಬರಬೇಕು. ವಾರಕ್ಕೊಂದು ದಿನ ಮಂಡ್ಯದಲ್ಲೇ ಒಬ್ಬ ಅಧಿಕಾರಿ ಕೂತು, ಕ್ಯಾಮೆರಾ ಕೇಸುಗಳ ಫೋಟೋ ತೋರಿಸಿ, ತಕರಾರು ಇದ್ದವರದನ್ನು ಅಲ್ಲೇ ಕೇಳಿ ಇತ್ಯರ್ಥ ಮಾಡಲಿ ಎನ್ನುತ್ತಾರೆ ಅವರು. ದಿನ ಯಾವುದಾದರೂ ಆಗಬಹುದು, ಮಂಗಳವಾರ ಒಂದು ಬೇಡವಂತೆ.