ತಟ್ಟೆಯಲ್ಲಿ ಬಿಟ್ಟ ಹಣದ ಲೆಕ್ಕ

ಟಿಪ್ಸ್ ಎಂದರೆ ಗಿರಾಕಿ ತಾನಾಗಿ ಕೊಡುವ ಹಣ. ಅದನ್ನು ಕೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಕೈಗೆ ಬಂದ ಮೇಲೆ ಅದು ಆದಾಯವೇ. ಕಾನೂನು ಅದನ್ನು ಹಾಗೆ ಕಾಣುತ್ತದೆ, ಕಾಣುವುದೂ ಸರಿ. ಅಮೆರಿಕದಲ್ಲಿ 2025ರ ಜುಲೈ 4ರಂದು ಸಹಿಯಾದ ಕಾಯ್ದೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸ್‌ಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಅದನ್ನು ತೋರಿಸಿ ‘ನಮ್ಮಲ್ಲೂ ಟಿಪ್ಸ್‌ಗೆ ತೆರಿಗೆ ಬೇಡ’ ಎನ್ನುವುದು ಸುಲಭ. ಆದರೆ ಅಲ್ಲಿಯೂ ಲೆಕ್ಕ ಕೊಡುವ ಹೊಣೆ ತಪ್ಪಿಲ್ಲ. ತಿಂಗಳಿಗೆ 20 ಡಾಲರ್ ಮುಟ್ಟಿದರೆ ನೌಕರ ಅದನ್ನು ಮಾಲೀಕನಿಗೆ ತಿಳಿಸಬೇಕು. ರಿಯಾಯಿತಿ ಇರುವುದೂ 2028ರವರೆಗೆ ಮಾತ್ರ.

ಆ ಘೋಷಣೆಯಿಂದ ಅಮೀನಗಡದಂಥ ಊರಿಗೆ ಆಗುವ ಲಾಭವೇನು? ಐಹೊಳೆ ನೋಡಲು ಹೊರಟವರು ಕರದಂಟು ಕೊಳ್ಳಲು ಇಲ್ಲಿ ಗಾಡಿ ನಿಲ್ಲಿಸುತ್ತಾರೆ, ಹೋಟೆಲಿಗೆ ಹೋಗಿ ಊಟ ಮಾಡುತ್ತಾರೆ. ಬಡೇಸೋಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ. ವಾಪಸು ಬಂದ ಚಿಲ್ಲರೆಯಲ್ಲಿ ಹತ್ತು ರೂಪಾಯಿಯನ್ನು ಅಲ್ಲೇ ಬಿಟ್ಟು ಏಳುತ್ತಾರೆ. ತಿಂಗಳಿಗೆ 15,000 ಪಗಾರದ ಸಪ್ಲಾಯರ್‌ಗೆ ದಿನಕ್ಕೆ ನೂರರಂತೆ 300 ದಿನ ಟಿಪ್ಸ್ ಸಿಕ್ಕಿತೆಂದುಕೊಂಡರೂ ವರ್ಷದ ಒಟ್ಟು 2,10,000 ದಾಟದು. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಅವನಿಗೆ ಟಿಪ್ಸ್ ವಿನಾಯಿತಿಯಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ.

ತೊಡಕು ಇರುವುದು ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ. ಬಾದಾಮಿಯ ದೊಡ್ಡ ಹೋಟೆಲೊಂದರಲ್ಲಿ ತಿಂಗಳಿಗೆ 35,000 ದುಡಿಯುವವನ ವಾರ್ಷಿಕ ಪಗಾರ 4,20,000. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 3,45,000 ಉಳಿಯುತ್ತದೆ. ಅಲ್ಲಿಗೆ ರಿಟರ್ನ್ಸ್ ಹಾಕುವ ಹೊಣೆ ಇಲ್ಲ. ಟಿಪ್ಸ್‌ನಿಂದ 90,000 ಸೇರಿದರೆ ಮೊತ್ತ 4,35,000 ಆಗುತ್ತದೆ, ಹೊಣೆ ಹುಟ್ಟುತ್ತದೆ. 12 ಲಕ್ಷದವರೆಗಿನ ರಿಬೇಟ್ ಇರುವುದರಿಂದ ಕಟ್ಟಬೇಕಾದ ತೆರಿಗೆ ಮಾತ್ರ ಸೊನ್ನೆ. ‘ತೆರಿಗೆ ಇಲ್ಲ ಎಂದ ಮೇಲೆ ರಿಟರ್ನ್ಸ್ ಏಕೆ’ ಎಂದು ಬಹಳಷ್ಟು ಜನ ಎಡವುವುದು ಇಲ್ಲಿಯೇ. ರಿಬೇಟ್ ತೆರಿಗೆಯನ್ನು ಅಳಿಸುತ್ತದೆ, ರಿಟರ್ನ್ಸ್ ಹೊಣೆಯನ್ನಲ್ಲ. ಗಡುವು ಮೀರಿ ಸಲ್ಲಿಸಿದರೆ 5 ಲಕ್ಷದೊಳಗಿನ ಆದಾಯದವನೂ 1,000 ರೂಪಾಯಿವರೆಗೆ ಶುಲ್ಕ ತೆರಬೇಕಾದೀತು.

ಟಿಪ್ಸ್ ಉಡುಗೊರೆ, ಹಾಗಾಗಿ ವರ್ಷಕ್ಕೆ 50,000ದವರೆಗೆ ಮಾಫಿ ಎಂಬ ನಂಬಿಕೆ ಇನ್ನೊಂದು. ಇದಕ್ಕೆ ಉತ್ತರವಾಗಿ ನಿಲ್ಲುವ ಹಳೆಯ ಮೊಕದ್ದಮೆಯೊಂದಿದೆ. ತಿರುವಾಂಕೂರಿನ ಪೊಲೀಸ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಪಿ. ಕೃಷ್ಣ ಮೆನನ್ ವೇದಾಂತ ಬೋಧಿಸುತ್ತಿದ್ದರು. ಶುಲ್ಕ ಕೇಳಿದವರಲ್ಲ. ಲೆವಿ ಎಂಬ ವಿದೇಶಿ ಶಿಷ್ಯರು ಪಾಠ ಕೇಳಲು ಬಂದುಹೋಗುತ್ತಿದ್ದರು. ಭಕ್ತಿಯಿಂದ ಗುರುಗಳ ಬ್ಯಾಂಕ್ ಖಾತೆಗೆ ಹಣ ಹಾಕುತ್ತಿದ್ದರು. ಆಗ ಮೈಸೂರು, ತಿರುವಾಂಕೂರು-ಕೊಚ್ಚಿ ಮತ್ತು ಕೊಡಗಿಗೆ ಬೆಂಗಳೂರಿನಲ್ಲೇ ಆದಾಯ ತೆರಿಗೆ ಆಯುಕ್ತರಿದ್ದರು. ಅವರ ವಿರುದ್ಧದ ಮೇಲ್ಮನವಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಲಾಭದ ಆಸೆ ಇರಲಿ ಬಿಡಲಿ, ಬೋಧನೆಯೂ ಒಂದು ವೃತ್ತಿಯೇ, ಆ ಬೋಧನೆಯ ಕಾರಣಕ್ಕೇ ಹಣ ಬಂದಿದೆ, ಆದ್ದರಿಂದ ಅದು ಆದಾಯ ಎಂದು 1958ರಲ್ಲಿ ಕೋರ್ಟ್ ತೀರ್ಮಾನಿಸಿತು. ಗುರುದಕ್ಷಿಣೆಗೇ ಈ ನ್ಯಾಯವಾದರೆ ಬಡಿಸಿದ್ದಕ್ಕೆ ಸಿಕ್ಕ ಹಣ ಉಡುಗೊರೆಯಾಗಲಾರದು. ಗಿರಾಕಿ ಮೊದಲೇ ತೆರಿಗೆ ಕಟ್ಟಿದ ಹಣವಿದು ಎಂಬ ವಾದವನ್ನು ಒಪ್ಪಿದರೆ ಯಾರ ಪಗಾರಕ್ಕೂ ತೆರಿಗೆ ಹಾಕುವಂತಿಲ್ಲ.

ಟಿಪ್ಸ್ ಆದಾಯವಾದರೂ ಸಂಬಳವಲ್ಲ. ಬಿಲ್ಲಿನ ಜೊತೆ ಕಾರ್ಡಿನಲ್ಲಿ ಬಂದ ಟಿಪ್ಸನ್ನು ಹೋಟೆಲ್ ಒಟ್ಟುಗೂಡಿಸಿ ನೌಕರರಿಗೆ ಹಂಚಿದರೆ ಅದಕ್ಕೆ ಟಿಡಿಎಸ್ ಹಿಡಿಯಬೇಕೇ ಎಂಬ ಪ್ರಶ್ನೆ ಐಟಿಸಿ ಮೊಕದ್ದಮೆಯಲ್ಲಿ ಎದ್ದಿತು. ಬೇಕಿಲ್ಲ, ಅದು ಮಾಲೀಕ ಕೊಟ್ಟ ಹಣವಲ್ಲ, ನೌಕರನ ಕೈಯಲ್ಲಿ ‘ಇತರ ಮೂಲಗಳ ಆದಾಯ’ ಎಂದು 2016ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತರ್ಕ ಸರಿಯೇ. ಆದರೆ ಫಾರ್ಮ್ 16ರಲ್ಲಿ ಕಾಣದ ಈ ಹಣವನ್ನು ನೆನಪಿಟ್ಟು, ಬರೆದಿಟ್ಟು ತೋರಿಸುವ ಇಡೀ ಭಾರ ನೌಕರನೊಬ್ಬನ ಮೇಲೆ ಬಿತ್ತು.

ನಗದು ಟಿಪ್ಸ್‌ಗೆ ರಸೀದಿ ಇಲ್ಲ, ಪ್ರಾಮಾಣಿಕನೇ ಸಿಕ್ಕಿಬೀಳುತ್ತಾನೆ ಎಂಬ ಆಕ್ಷೇಪ ತೂಕವುಳ್ಳದ್ದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದಾಗ ರಾಜ್ಯದ ಎಷ್ಟೋ ಅಂಗಡಿಗಳ ಕ್ಯೂಆರ್ ಚೀಟಿ ಮಾಯವಾದವು. ಅದು ಜಿಎಸ್‌ಟಿ ವಿಷಯ, ಟಿಪ್ಸ್‌ಗೆ ಸಂಬಂಧಿಸಿದ್ದಲ್ಲ. ಆದರೂ ಭಯ ಹುಸಿಯಲ್ಲ. ಹಾಗೆಂದು ಆದಾಯ ಮುಚ್ಚಿಡುವುದು ಪರಿಹಾರವಾಗದು. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗ ಟಿಪ್ಸ್‌ನ ದುಡಿಮೆಗೆ ರಿಟರ್ನ್ಸ್ ಬಿಟ್ಟು ಬೇರೆ ಕಾಗದ ನೌಕರನ ಬಳಿ ಇರುವುದಿಲ್ಲ.

ಟಿಪ್ಸ್‌ನ ನಿಜವಾದ ಅನ್ಯಾಯ ತೆರಿಗೆಯಲ್ಲಿ ಇಲ್ಲ. ‘ಪಗಾರ ಕಡಿಮಿ ಇದ್ರೇನಾತು, ಟಿಪ್ಸ್ ಬರ್ತೈತಲ್ಲ’ ಎನ್ನುವ ಮಾಲೀಕ ಗಿರಾಕಿಯ ಔದಾರ್ಯವನ್ನು ತನ್ನ ಉಳಿತಾಯ ಮಾಡಿಕೊಳ್ಳುತ್ತಾನೆ. ಆ ಹಣಕ್ಕೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹೋಟೆಲ್ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ಗೊತ್ತುಪಡಿಸಿದೆ. ಅದನ್ನು ಮಾಲೀಕ ತನ್ನ ಗಲ್ಲಾದಿಂದಲೇ ಕೊಡಬೇಕು. ವಿನಾಯಿತಿಯ ಘೋಷಣೆ ಇಂಥವನಿಗೆ ಪಗಾರ ಏರಿಸದಿರಲು ಇನ್ನೊಂದು ನೆಪ ಒದಗಿಸುತ್ತದೆ, ಅಷ್ಟೇ.

ಬೇಕಾದ ತಿದ್ದುಪಡಿ ಸಣ್ಣದು. ಟಿಪ್ಸ್ ಒಟ್ಟುಗೂಡಿಸಿ ಹಂಚುವ ಹೋಟೆಲ್ ವರ್ಷಕ್ಕೊಮ್ಮೆ ಪ್ರತಿ ನೌಕರನಿಗೂ ಹಂಚಿಕೆಯ ಚೀಟಿ ಕೊಡುವುದನ್ನು ಕಡ್ಡಾಯ ಮಾಡಬೇಕು. ನಗದಿಗೆ ನೌಕರನೇ ದಿನಾಂಕ ಹಾಕಿ ಬರೆದಿಟ್ಟ ಡೈರಿಯನ್ನು ಇಲಾಖೆ ಪುರಾವೆಯಾಗಿ ಒಪ್ಪಬೇಕು. ಎರಡನ್ನೂ ಕೂಡಿಸಿ ಐಟಿಆರ್-1ರಲ್ಲಿ ‘ಇತರ ಮೂಲಗಳು’ ಎಂಬಲ್ಲಿ ತೋರಿಸಬಹುದು. ಸ್ವಂತ ಟ್ಯಾಕ್ಸಿ ಓಡಿಸುವವನದೂ ಐಹೊಳೆಯ ಗೈಡ್‌ನದೂ ಬೇರೆ ದಾರಿ. ಅವರು ಯಾರ ನೌಕರರೂ ಅಲ್ಲದ್ದರಿಂದ ಮೇಲೆ ಸಿಕ್ಕ ಖುಷಿಯ ಹಣವೂ ಬಾಡಿಗೆ ಇಲ್ಲವೇ ಶುಲ್ಕದ ಜೊತೆ ಅವರ ವ್ಯಾಪಾರ ಅಥವಾ ವೃತ್ತಿಯ ಆದಾಯಕ್ಕೇ ಸೇರುತ್ತದೆ.